ಅಪ್ಪ ಕುಡೀತಿದ್ರು, ಮಗನಿಗೂ ಬರುತ್ತಾ?

"ಮೇಡಂ, ನಮ್ಮ ಯಜಮಾನ್ರು ಕುಡಿದೂ ಕುಡಿದೂ ಹೋದ್ರು, ಮಗ ಈಗ ಹಾಸನದಲ್ಲಿ ರೂಮ್ ಮಾಡ್ಕೊಂಡು ಓದ್ತಿದಾನೆ, ಅವನಿಗೂ ಇದು ಬರುತ್ತಾ?" ಈ ಸಲ ಸಕಲೇಶಪುರದಿಂದ ಬಂದಿದೆ. ಮೂಡಿಗೆರೆಯಿಂದ, ಆಲೂರಿಂದ ಬಂದಿದ್ದೂ ಇದೇ ಪ್ರಶ್ನೆ. ಪ್ರತಿಸಲ ಫೋನಲ್ಲಿ ಹೇಳೋದಕ್ಕಿಂತ ಒಂದೇ ಸಲ ಬರೆದಿಡ್ತೀನಿ, ಮುಂದೆ ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸಿಬಿಡಿ.

ಚಟ ಬರಲ್ಲ, ಚಟ ಹತ್ತೋ ಸಾಧ್ಯತೆ ಬರುತ್ತೆ. 1973ರಲ್ಲಿ ಡೆನ್ಮಾರ್ಕಿನ ಒಂದು ಅಧ್ಯಯನ ಪ್ರಕಟ ಆಯ್ತು. ಹೆತ್ತವರಲ್ಲಿ ಒಬ್ಬರಿಗೆ ಕುಡಿತದ ಕಾಯಿಲೆ ಇದ್ದು, ಹಸುಗೂಸಾಗಿದ್ದಾಗಲೇ ಬೇರೆ ಮನೆಗೆ ದತ್ತು ಹೋದ ಗಂಡುಮಕ್ಕಳನ್ನ ನೋಡಿದ್ರು. ಅವರಲ್ಲಿ 18% ಜನಕ್ಕೆ ಕುಡಿತದ ಕಾಯಿಲೆ ಬಂದಿತ್ತು, ಹಾಗೇ ದತ್ತು ಹೋದ ಬೇರೆಯವರಲ್ಲಿ 5%. ಅಂದ್ರೆ ಕುಡಿಯೋರ ಮನೇಲಿ ಬೆಳೀದೇ ಇದ್ರೂ ರಕ್ತದಲ್ಲಿ ಏನೋ ಬಂದಿರುತ್ತೆ. ಆದ್ರೆ ಅದೇ ಲೆಕ್ಕದಲ್ಲಿ ನೂರಕ್ಕೆ 82 ಜನಕ್ಕೆ ಬರಲಿಲ್ಲ, ಅಮ್ಮಂದಿರು ದಯವಿಟ್ಟು ಅದನ್ನೂ ಓದ್ಕೊಳ್ಳಿ. ಜೀನ್‌ಗಳ ಪಾಲು ಸುಮಾರು 50% ಅಂತ ಎಲ್ಲೋ ಓದಿರ್ತೀರಿ, ಅದು ಮಗನಿಗೆ ಫಿಫ್ಟಿ ಫಿಫ್ಟಿ ಚಾನ್ಸ್ ಅಂತಲ್ಲ, ಒಬ್ಬರಿಗೆ ಹತ್ತುತ್ತೆ ಇನ್ನೊಬ್ಬರಿಗೆ ಹತ್ತಲ್ಲ ಅನ್ನೋ ವ್ಯತ್ಯಾಸದಲ್ಲಿ ಅರ್ಧದಷ್ಟು ಜೀನ್‌ಗಳಿಂದ ಅಂತ.

ಈಗ ನನಗೆ ನಿಜವಾಗ್ಲೂ ಸಿಟ್ಟು ಬರಿಸೋ ಮಾತಿಗೆ ಬರ್ತೀನಿ. "ನಮ್ಮ ಹುಡುಗ ಎಷ್ಟು ಕುಡಿದ್ರೂ ಸ್ಟೆಡಿ ಮೇಡಂ, ಅವನಿಗೇನೂ ಆಗಲ್ಲ." ಮದುವೆ ಮನೇಲಿ, ಬಟವಾಡೆ ದಿನ ಎಸ್ಟೇಟ್ ಲೈನ್ ಮನೆ ಮುಂದೆ, ಎಲ್ಲಾ ಕಡೆ ಇದನ್ನ ಹೆಮ್ಮೆಯಿಂದ ಹೇಳ್ತಾರೆ, ನೈಂಟಿಗೇ ತಲೆ ತಿರುಗೋನನ್ನ ನೋಡಿ ನಗ್ತಾರೆ. ಇದು ಪೂರ್ತಿ ಉಲ್ಟಾ. ಅಮೆರಿಕದಲ್ಲಿ ಮಾರ್ಕ್ ಶುಕಿಟ್ ಅನ್ನೋ ಮನೋವೈದ್ಯರು ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಅಳತೆ ಮಾಡಿ ಆಲ್ಕೋಹಾಲ್ ಕೊಟ್ಟು, ಯಾರಿಗೆ ಎಷ್ಟು ಏರುತ್ತೆ, ಮೈ ಎಷ್ಟು ತೂರಾಡುತ್ತೆ ಅಂತ ಬರ್ಕೊಂಡ್ರು, ಆಮೇಲೆ ಸುಮಾರು ಹತ್ತು ವರ್ಷ ಬಿಟ್ಟು ಅದೇ ಹುಡುಗರನ್ನ ಮತ್ತೆ ಹುಡುಕಿದ್ರು. 1994ರಲ್ಲಿ ಪ್ರಕಟ ಆದ ಫಲಿತಾಂಶ: ಅಪ್ಪನಿಗೆ ಚಟ ಇದ್ದ ಹುಡುಗರಲ್ಲಿ, ಕುಡಿದ್ರೂ ಅಷ್ಟಾಗಿ ಏರದೇ ಇದ್ದವರಲ್ಲಿ 56% ಜನಕ್ಕೆ ಕಾಯಿಲೆ ಬಂದಿತ್ತು. ಬೇಗ ಏರ್ತಿದ್ದವರಲ್ಲಿ 14%. ಯಾರನ್ನ ನೋಡಿ ನಗ್ತಿದ್ರೋ ಅವನೇ ಉಳ್ಕೊಂಡಿದ್ದು.

ಕಾರಣ ಕಷ್ಟದ್ದೇನಲ್ಲ. ಬೇಗ ಏರೋನಿಗೆ ಮೈಯೇ ಸಾಕು ಅನ್ನುತ್ತೆ. ಏರದೇ ಇರೋನು ಅದೇ ಮತ್ತಿಗೆ ಇನ್ನೂ ಜಾಸ್ತಿ ಕುಡೀತಾನೆ, ಅಷ್ಟನ್ನೂ ಲಿವರ್ ಸುಡಬೇಕು, ಮಿದುಳು ತಡ್ಕೋಬೇಕು. ಚೀನಾ ಜಪಾನ್ ಕಡೆ ಇದರ ಇನ್ನೊಂದು ಮುಖ ಇದೆ. ಅಲ್ಲಿ ತುಂಬಾ ಜನಕ್ಕೆ ಎಎಲ್‌ಡಿಎಚ್2 ಅನ್ನೋ ಜೀನ್ ಸರಿಯಾಗಿ ಕೆಲಸ ಮಾಡಲ್ಲ, ಸ್ವಲ್ಪ ಕುಡಿದ್ರೂ ಮುಖ ಕೆಂಪಾಗಿ ಎದೆ ಹೊಡ್ಕೊಳ್ಳುತ್ತೆ, ಅಂಥವರಿಗೆ ಚಟ ಹತ್ತೋದು ಬಹಳ ಕಮ್ಮಿ. ನಮ್ಮಲ್ಲಿ ಆ ರೂಪ ಅಪರೂಪ, ಆ ರಕ್ಷಣೆ ನಮಗಿಲ್ಲ.

ಇನ್ನೊಂದು, ಮೊದಲು ಏರ್ತಿತ್ತು ಈಗ ಏರಲ್ಲ ಅಂತಾರಲ್ಲ, ಅದು ಮೈ ಗಟ್ಟಿಯಾಗಿದ್ದಲ್ಲ, ಮಿದುಳು ಬದಲಾಗಿದ್ದು. ಮಿದುಳಲ್ಲಿ ಗಾಬಾ ಅನ್ನೋ ರಾಸಾಯನಿಕ ಬ್ರೇಕು, ಗ್ಲುಟಮೇಟ್ ಅನ್ನೋ ಇನ್ನೊಂದು ರಾಸಾಯನಿಕ ಆಕ್ಸಿಲರೇಟರು. ಆಲ್ಕೋಹಾಲ್ ಬ್ರೇಕನ್ನ ಒತ್ತುತ್ತೆ. ದಿನಾ ಒತ್ತಿದ್ರೆ ಮಿದುಳು ಬ್ರೇಕಿಗೆ ಬಗ್ಗೋದು ಕಮ್ಮಿ ಮಾಡಿ ಆಕ್ಸಿಲರೇಟರ್ ಜಾಸ್ತಿ ಮಾಡ್ಕೊಳ್ಳುತ್ತೆ. ಆಗ ಒಂದು ದಿನ ಕುಡಿಯೋದು ಪೂರ್ತಿ ನಿಲ್ಲಿಸಿದ್ರೆ ಶಿರಾಡಿ ಘಾಟಿ ಇಳಿಯೋ ಲಾರಿಗೆ ಬ್ರೇಕ್ ಫೇಲ್ ಆದಂಗೆ. ಬೆಳಿಗ್ಗೆ ಕೈ ನಡುಗೋದು ಇದಕ್ಕೇ, ಒಂದು ಕ್ವಾರ್ಟರ್ ಹಾಕಿದ ಕೂಡ್ಲೇ ನಿಲ್ಲೋದೂ ಇದಕ್ಕೇ.

ಇದನ್ನ ಯಾರೂ ಕೇಳಲಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಅಯ್ಯಪ್ಪ ಮಾಲೆ ಹಾಕೋ ಟೈಮಲ್ಲಿ ಪ್ರತಿವರ್ಷ ಇದೇ ಆಗುತ್ತೆ. ವರ್ಷಗಟ್ಟಲೆ ದಿನಾ ಕುಡೀತಿದ್ದೋರು ಮಾಲೆ ಹಾಕಿದ ದಿನವೇ ಒಮ್ಮೆಲೇ ಬಿಡ್ತಾರೆ. ಮನಸ್ಸು ಒಳ್ಳೇದೇ, ನಾನು ಕೈ ಮುಗೀತೀನಿ. ಆದ್ರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನದಿಂದ ಇಲ್ಲದ್ದು ಕಾಣಿಸೋದು, ಮನೆಯವರ ಗುರುತೇ ಸಿಗದಂಗೆ ಬಡಬಡಿಸೋದು ಶುರುವಾಗಬಹುದು. ದೇವರ ಕೋಪ ಅಂತ ಹೆದರ್ಕೊಂಡು ಆಸ್ಪತ್ರೆಗೆ ಹೋಗದೇ ಕೂತವರಿದ್ದಾರೆ, ಇದರಿಂದ ಜೀವ ಹೋಗುತ್ತೆ ಕಣ್ರೀ.

ಮಾಲೆ ಹಾಕೋಕೆ ಮುಂಚೆಯೇ ಡಾಕ್ಟರ್ ನೋಡಿ, ದಿನಕ್ಕೆ ಎಷ್ಟು, ಬೆಳಿಗ್ಗೆ ನಡುಕ ಇದೆಯಾ, ಹಿಂದೆ ಫಿಟ್ಸ್ ಬಂದಿತ್ತಾ, ಎಲ್ಲಾ ಹೇಳಿ. ಬಂದಿತ್ತು ಅಂದ್ರೆ ಮನೇಲಿ ಬಿಡಿಸೋ ಸಾಹಸ ಬೇಡ, ಅಡ್ಮಿಟ್ ಮಾಡಿ. ಎಲ್ಲಿ ಹೋಗ್ಬೇಕು ಗೊತ್ತಾಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಸುಸ್ತು ಅಂತ ಬರೀ ಗ್ಲೂಕೋಸ್ ಹಾಕ್ಸಿ ಕರ್ಕೊಂಡು ಬರಬೇಡಿ. ಕುಡಿಯೋರ ಮೈಯಲ್ಲಿ ಬಿ1 ವಿಟಮಿನ್ ಖಾಲಿಯಾಗಿರುತ್ತೆ, ಅದನ್ನ ಕೊಡದೇ ಗ್ಲೂಕೋಸ್ ಏರಿಸಿದ್ರೆ ಮಿದುಳಿಗೇ ಪೆಟ್ಟಾಗಬಹುದು. ಡಾಕ್ಟರಿಗೆ ಇದು ಗೊತ್ತು. ಆದ್ರೆ ನೀವು ಮರ್ಯಾದೆಗೆ ಹೆದರಿ "ಕುಡಿಯಲ್ಲ ಡಾಕ್ಟ್ರೇ" ಅಂದ್ರೆ ಅವರಿಗೆ ಗೊತ್ತಾಗೋದು ಹೇಗೆ?