ಮುಟ್ಟು ನಿಂತರೆ ಆ ರಕ್ತ ಎಲ್ಲಿ ಹೋಗುತ್ತೆ?

"ಡಾಕ್ಟ್ರೇ, ಮೂರು ತಿಂಗಳಿಂದ ಮುಟ್ಟೇ ಆಗಿಲ್ಲ. ಕೆಟ್ಟ ರಕ್ತ ಎಲ್ಲಾ ಒಳಗೇ ಕಟ್ಕೊಂಡಿದೆಯಾ?"

ಜಯನಗರದ ನನ್ನ ಕ್ಲಿನಿಕ್‌ಗೆ ಬರುವವರಲ್ಲಿ ಹಾರ್ಮೋನ್ ಕಾಯಿಲ್ (ಬಸಿರು ತಡೆಯಲು ಅಥವಾ ವಿಪರೀತ ಬ್ಲೀಡಿಂಗ್ ತಗ್ಗಿಸಲು ಗರ್ಭಕೋಶದೊಳಗೆ ಇಡುವ ಸಣ್ಣ ಸಾಧನ) ಹಾಕಿಸಿಕೊಂಡವರು ಜಾಸ್ತಿ ಕೇಳುವ ಪ್ರಶ್ನೆ ಇದು. ಇಲ್ಲ, ಏನೂ ಕಟ್ಟಿಕೊಂಡಿಲ್ಲ. ಪ್ರತಿ ತಿಂಗಳು ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆದು, ಕಳಚಿ ಬೀಳುತ್ತೆ. ಅದೇ ಮುಟ್ಟು. ಕಾಯಿಲ್‌ನಲ್ಲಿರುವುದು 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಅನ್ನೋ ಹಾರ್ಮೋನ್. ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಹೊರಗೆ ಬಿಡುತ್ತೆ. ಅದರಿಂದ ಪದರ ತೆಳ್ಳಗೇ ಉಳಿಯುತ್ತೆ. ಬೆಳೆದೇ ಇಲ್ಲ ಅಂದ ಮೇಲೆ ಬೀಳೋಕೆ ಏನಿದೆ ಹೇಳಿ? ಇದು ಮೆನೋಪಾಸ್ ಕೂಡ ಅಲ್ಲ. ಹೆಚ್ಚಿನವರಲ್ಲಿ ಅಂಡಾಶಯ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತೆ.

ಆದರೆ ಮುಟ್ಟು ಕಡಿಮೆಯಾಗುವ ಮುಂಚೆ ಮೂರರಿಂದ ಆರು ತಿಂಗಳು ಸ್ಪಾಟಿಂಗ್, ಅಂದರೆ ಆಗಾಗ ಸ್ವಲ್ಪ ಸ್ವಲ್ಪ ರಕ್ತ ಕಾಣಿಸೋದು, ಕಾಡಬಹುದು. ವಿಪರೀತ ಬ್ಲೀಡಿಂಗ್‌ಗಾಗಿ ಕಾಯಿಲ್ ಹಾಕಿಸಿಕೊಂಡಿದ್ದ ಒಬ್ಬರು ಮೊಬೈಲ್ ಕ್ಯಾಲೆಂಡರ್ ತೆಗೆದು ನನ್ನ ಮುಂದೆ ಹಿಡಿದರು. 40 ದಿನದಲ್ಲಿ 26 ಕೆಂಪು ಚುಕ್ಕಿ. ವರಮಹಾಲಕ್ಷ್ಮಿ ಹಬ್ಬದ ದಿನವೂ ಒಂದು ಚುಕ್ಕಿ. ಅವರ ಮನೆಯಲ್ಲಿ ಮಡಿ ಜಾಸ್ತಿ. ಅತ್ತೆ ಕಳಶ ಇಟ್ಟರು, ಇವರು ರೂಮಿನಲ್ಲಿ ಕೂತಿದ್ದರು. "ಇದು ಮುಟ್ಟಾ, ಅಲ್ವಾ, ಅದನ್ನಾದ್ರೂ ಹೇಳಿ" ಅಂತ ಅತ್ತೇಬಿಟ್ಟರು. ಪದರ ತೆಳುವಾಗುವಾಗ ಒಸರುವ ರಕ್ತ ಅದು, ಪ್ರತಿ ತಿಂಗಳ ಮುಟ್ಟಲ್ಲ. "ಸ್ವಲ್ಪ ಸ್ಪಾಟಿಂಗ್ ಇರುತ್ತೆ" ಅಂತ ಮೊದಲೇ ಹೇಳಿದ್ದೆ ನಿಜ. ಆದರೆ 26 ದಿನ ಸ್ವಲ್ಪ ಅಲ್ಲ. ಆ ತಪ್ಪು ನನ್ನದು. ಈಗ ಕಾಯಿಲ್ ಹಾಕುವ ಮುಂಚೆ ಮನೆಯಲ್ಲಿ ಮದುವೆ, ಹಬ್ಬ ಏನಿದೆ ಅಂತ ಕೇಳುತ್ತೇನೆ. ಅವರಿಗೆ ಐದನೇ ತಿಂಗಳಿಗೆ ಚುಕ್ಕಿಗಳು ನಿಂತವು.

ಮೊಡವೆ, ಸ್ತನಗಳ ನೋವು, ತಲೆನೋವು, ಸುಮ್ಸುಮ್ನೆ ಅಳು ಬರೋದು, ಇವೂ ಕೆಲವರಿಗೆ ಆಗುತ್ತೆ. ಹಾರ್ಮೋನ್ ಗರ್ಭಕೋಶದಲ್ಲೇ ಹೆಚ್ಚು ಕೆಲಸ ಮಾಡಿದರೂ ಸ್ವಲ್ಪ ರಕ್ತಕ್ಕೂ ಸೇರುತ್ತೆ. "ಅದೆಲ್ಲ ನಿಮ್ಮ ಭ್ರಮೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ಕ್ಯಾನ್‌ನಲ್ಲಿ ಅಂಡಾಶಯದ ಸಣ್ಣ ನೀರುಗುಳ್ಳೆ ಕಂಡರೆ ಗಾಬರಿ ಬೇಡ, ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಾನಾಗಿ ಹೋಗುತ್ತೆ.

ಕಾಯಬಾರದ ವಿಷಯಗಳು ಬೇರೆ. ಜ್ವರ, ಕೆಟ್ಟ ವಾಸನೆಯ ಬಿಳಿಮುಟ್ಟು, ತಡೆಯಲಾರದ ಕಿಬ್ಬೊಟ್ಟೆ ನೋವು ಇದ್ದರೆ ಅವತ್ತೇ ಬನ್ನಿ. ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಬಂದರೂ ಅಷ್ಟೇ. ಕಾಯಿಲ್ ಇದ್ದಾಗ ಬಸಿರು ನಿಲ್ಲೋದು ತೀರಾ ಅಪರೂಪ, ಆದರೆ ನಿಂತರೆ ಅದು ಗರ್ಭಕೋಶದ ಬದಲು ಟ್ಯೂಬ್‌ನಲ್ಲಿ (ಗರ್ಭನಾಳದಲ್ಲಿ) ಇರುವ ಸಾಧ್ಯತೆ ಜಾಸ್ತಿ. ಕೈಗೆ ಸಿಗುತ್ತಿದ್ದ ಕಾಯಿಲ್‌ನ ದಾರ ಸಿಗದಿದ್ದರೆ ಕಾಯಿಲ್ ಜಾರಿರಬಹುದು. ಸ್ಕ್ಯಾನ್ ಆಗುವವರೆಗೆ ಕಾಂಡೋಮ್ ಬಳಸಿ.

ಇಷ್ಟೆಲ್ಲ ಹೇಳಿದ ಮೇಲೂ ಬೇಡ ಅನಿಸಿದರೆ ತೆಗೆಸಿಕೊಳ್ಳಿ. ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ. ನನಗೆ ಕಾರಣ ಕೊಡಬೇಕಾಗಿಲ್ಲ. ಮಗು ಈಗ ಬೇಡ ಅಂತಿದ್ದರೆ ಮಾತ್ರ, ತೆಗೆಸುವ ಮುಂಚಿನ ಏಳು ದಿನವೂ ಕಾಂಡೋಮ್ ಬಳಸಿ ಬನ್ನಿ.