ಒಣ ಎಲೆ ಸುಟ್ಟ ಬೂದಿ ಗಿಡಕ್ಕೆ ಗೊಬ್ಬರ ಆಗುತ್ತಾ?

ಓದುಗರ ಪ್ರಶ್ನೆ: "ನಮ್ಮ ಅಪಾರ್ಟ್‌ಮೆಂಟಿನ ಮಾಲಿ ದಿನಾ ಬೆಳಿಗ್ಗೆ ತರಗೆಲೆ ಗುಡಿಸಿ ಕಾಂಪೌಂಡ್ ಮೂಲೆಯಲ್ಲಿ ಬೆಂಕಿ ಹಾಕ್ತಾರೆ. ಕೇಳಿದ್ರೆ, ಬೂದಿ ಗಿಡಕ್ಕೆ ಒಳ್ಳೇ ಗೊಬ್ಬರ ಮೇಡಂ ಅಂತಾರೆ. ನಿಜಾನಾ?"

ಇಲ್ಲ, ನಿಜ ಅಲ್ಲ.

ಜನವರಿ ಕೊನೆಗೆ ಬೆಂಗಳೂರಿನ ಹೊಂಗೆ ಮರಗಳು ಎಲೆ ಉದುರಿಸಲು ಶುರು ಮಾಡಿದವು ಅಂದರೆ ನನಗೆ ಈ ಪ್ರಶ್ನೆ ಬರುವುದೂ ಶುರು. ತೋಟದ ಕೆಲಸಕ್ಕೆ ಹೋದ ಕಡೆಯೆಲ್ಲ ಕೇಳುತ್ತಾರೆ. ಒಮ್ಮೆ ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವರೂ ಕೇಳಿದರು. ಪ್ರತಿ ಸಲ ಹೇಳುತ್ತೇನೆ, ಮುಂದಿನ ವರ್ಷ ಮತ್ತೆ ಅದೇ ಹೊಗೆ, ಅದೇ ಮಾತು. ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ನಿಮ್ಮ ಅಸೋಸಿಯೇಷನ್ ಗ್ರೂಪಿಗೆ ಇದನ್ನೇ ಕಳಿಸಿ.

ಒಣ ಎಲೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಸ್ವಲ್ಪ ಸಾರಜನಕ ಇರುತ್ತದೆ. ಜೊತೆಗೆ ಪೊಟ್ಯಾಶ್, ಸುಣ್ಣ, ಮೆಗ್ನೀಷಿಯಂ, ಚೂರುಪಾರು ರಂಜಕ. ಬೆಂಕಿ ಇಟ್ಟರೆ ಇಂಗಾಲ, ಸಾರಜನಕ ಎರಡೂ ಹೊಗೆಯ ಜೊತೆ ಮೇಲೆ ಹೋಗುತ್ತವೆ. ನಾವು ದುಡ್ಡು ಕೊಟ್ಟು ಯೂರಿಯಾ ತರುವುದು ಸಾರಜನಕಕ್ಕೇ ಅಲ್ವಾ? ಮಣ್ಣನ್ನು ಸಡಿಲ ಮಾಡಿ, ನೀರು ಹಿಡಿದಿಟ್ಟು, ಎರೆಹುಳಕ್ಕೆ ಊಟ ಆಗುವುದು ಆ ಇಂಗಾಲವೇ. ಅವೆರಡೂ ಹೋದಮೇಲೆ ಉಳಿಯುವುದು ಒಂದು ಹಿಡಿ ಬೂದಿ. ಅದರಲ್ಲಿ ಪೊಟ್ಯಾಶ್, ಸುಣ್ಣ ಇರುವುದು ನಿಜ. ಆದರೆ ಅದೇ ಎಲೆ ಕೊಳೆತಿದ್ದರೆ ಅವೂ ಸಿಗುತ್ತಿದ್ದವು, ಉಳಿದದ್ದೂ ಸಿಗುತ್ತಿತ್ತು.

ಇಷ್ಟು ಹೇಳಿದ ಮೇಲೆ ಬರುವ ಮಾತು ನನಗೆ ಬಾಯಿಪಾಠ ಆಗಿದೆ. "ನಮ್ಮ ಅಜ್ಜ ತೋಟಕ್ಕೆ ಬೂದಿ ಹಾಕುತ್ತಿದ್ದರು." ಹೌದು, ಹಾಕುತ್ತಿದ್ದರು. ಯಾವ ಬೂದಿ? ಬಚ್ಚಲ ಒಲೆಯದ್ದು, ಅಡುಗೆ ಒಲೆಯದ್ದು. ಹೇಗೂ ಅಡುಗೆಗೆ, ಸ್ನಾನದ ನೀರಿಗೆ ಉರಿಸಿದ ಸೌದೆಯ ಬೂದಿ. ಅದನ್ನು ಚೆಲ್ಲುವ ಬದಲು ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು, ಬದನೆ ಗಿಡಕ್ಕೆ ಹುಳ ಬಿದ್ದರೆ ಎಲೆ ಮೇಲೆ ಉದುರಿಸುತ್ತಿದ್ದರು. ಇನ್ನೊಂದು ವಿಷಯ. ಮಲೆನಾಡು, ಕರಾವಳಿಯಲ್ಲಿ ಸುರಿಯುವ ಮಳೆ ಮಣ್ಣಿನ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಅಲ್ಲಿನ ಮಣ್ಣು ಹುಳಿ. ಬೂದಿ ಕ್ಷಾರ. ಆ ಮಣ್ಣಿಗೆ ಆ ಬೂದಿ ಹಿತವಾಗುತ್ತಿತ್ತು. ಕರಾವಳಿಯ ಸುಡುಮಣ್ಣಿನ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿ ಸೊಪ್ಪು-ಕಸದ ಮೇಲೆ ಮಣ್ಣು ಮುಚ್ಚಿ ನಿಧಾನಕ್ಕೆ ಕರಿಗಟ್ಟಿಸುತ್ತಾರೆ, ಗಿಡಕ್ಕೆ ಹಾಕುವುದು ಆ ಮಣ್ಣನ್ನು. ಅದನ್ನೂ ಮೂಲೆಯಲ್ಲಿ ಧಗಧಗ ಉರಿಸಿದ ಎಲೆಯನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಅದೇ ಅಜ್ಜ ಒಣ ಎಲೆಯನ್ನು ಏನು ಮಾಡುತ್ತಿದ್ದರು, ನೆನಪು ಮಾಡಿಕೊಳ್ಳಿ. ಶಿರಸಿ, ಸಿದ್ದಾಪುರ ಕಡೆಯ ಅಡಿಕೆ ಬೆಳೆಗಾರರು ಅದಕ್ಕೆ ದರಕು ಅನ್ನುತ್ತಾರೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಬೇಕು ಅಂತಲೇ ಸೊಪ್ಪಿನ ಬೆಟ್ಟ ಅಂತ ಕಾಡಿನ ಜಾಗವನ್ನೇ ಬಿಟ್ಟುಕೊಟ್ಟಿದ್ದಾರೆ. ತಲೆ ಮೇಲೆ ಹೊರೆ ಹೊತ್ತು ದರಕು ತಂದು, ಕೊಟ್ಟಿಗೆಗೆ ಹಾಸಿ, ದನದ ಸಗಣಿ-ಗಂಜಳದಲ್ಲಿ ನೆನೆಸಿ, ಗುಂಡಿಯಲ್ಲಿ ಕೊಳೆಸಿ ಮರದ ಬುಡಕ್ಕೆ ಹಾಕಿದ ಜನ ಅವರು. ಸುಟ್ಟರೆ ಸಾಕು ಅನ್ನುವಂತಿದ್ದರೆ ಅಷ್ಟು ಹೊರೆ ಹೊರುತ್ತಿದ್ದರಾ? ಅಲ್ಲೇ ಬೆಂಕಿ ಹಾಕಿ ಬೂದಿಯನ್ನು ಒಂದು ಬುಟ್ಟಿಯಲ್ಲಿ ತರುತ್ತಿದ್ದರು.

ನಮ್ಮ ಬೆಂಗಳೂರಿನ ಕುಂಡದ ಕಥೆ ಬೇರೆ. ಇಲ್ಲಿ ಬಹಳ ಕಡೆ ಬೋರ್‌ವೆಲ್ ನೀರು. ಬಕೆಟ್ಟಿಗೆ ಬಿಳಿ ಪೊರೆ ಕಟ್ಟುವ ಗಡಸು ನೀರು. ನಾನು ಕೆಲಸ ಮಾಡಿದ ಒಂದು ಕಡೆ ಟೆರೇಸಿನಲ್ಲಿ 40 ಗುಲಾಬಿ ಕುಂಡ ಇದ್ದವು. ವಾರಕ್ಕೊಂದು ಹಿಡಿ ಬೂದಿ, ದಿನಾ ಬೋರ್ ನೀರು. ಚಿಗುರೆಲೆ ಎಲ್ಲ ಹಳದಿ, ನರ ಮಾತ್ರ ಹಸಿರು, ಯಾರೋ ಪೆನ್ನಿನಿಂದ ಗೀಟು ಎಳೆದ ಹಾಗೆ. ಗೊಬ್ಬರ ಸಾಲದು ಅಂತ ಆ ಮನೆಯವರು ಇನ್ನೂ ಬೂದಿ ಹಾಕಿದರು, ಇನ್ನೂ ಹಳದಿ ಆಯಿತು. ಕ್ಷಾರ ಜಾಸ್ತಿಯಾದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರು ಅದನ್ನು ಎಳೆದುಕೊಳ್ಳಲಾರದು. ಬೂದಿ ನಿಲ್ಲಿಸಿ, ಮೇಲಿನ ಎರಡು ಇಂಚು ಮಣ್ಣು ತೆಗೆದು ಎಲೆಗೊಬ್ಬರ ತುಂಬಿದೆವು. ಎರಡು ತಿಂಗಳಿಗೆ ಹೊಸ ಚಿಗುರು ಕೆಂಪಗೆ ಬಂದು ಹಸಿರಾಯಿತು. ಅದನ್ನು ನೋಡಿದ ದಿನ ನನಗೆ ಆದ ಸಂತೋಷ ಹೇಳತೀರದು.

ಹೊಗೆಯ ವಿಷಯ ಬೇರೆ ಇದೆ. ಚಳಿಗಾಲದ ಬೆಳಿಗ್ಗೆ ಹೊಗೆ ಮೇಲೆ ಏರುವುದಿಲ್ಲ, ಕೆಳಗೇ ನಿಲ್ಲುತ್ತದೆ. ಎಲೆ ಹಸಿಯಾಗಿದ್ದರಂತೂ ಹೊಗೆಯೋ ಹೊಗೆ. ಅದರಲ್ಲಿರುವ ಸಣ್ಣ ಕಣಗಳು ನೇರ ಶ್ವಾಸಕೋಶಕ್ಕೆ ಇಳಿಯುತ್ತವೆ. ಎಲ್ಲರಿಗಿಂತ ಹತ್ತಿರ ನಿಂತು ಅದನ್ನು ಕುಡಿಯುವುದು ಆ ಮಾಲಿಯೇ. ಕಾನೂನೂ ಬಿಡುವುದಿಲ್ಲ. ಬಯಲಲ್ಲಿ ಕಸ ಸುಡುವುದನ್ನು ಘನತ್ಯಾಜ್ಯ ನಿಯಮಗಳು 2016ರಲ್ಲೇ ನಿಷೇಧಿಸಿದವು. ತೋಟದ ಕಸವನ್ನು ಬೇರೆಯಾಗಿ ಇಟ್ಟುಕೊಳ್ಳಿ ಅಂತಲೂ ಹೇಳಿದವು. ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸಣ್ಣಪುಟ್ಟ ಸುಡುವಿಕೆಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಅಂತ ಆದೇಶ ಮಾಡಿತು.

ಹಾಗಾದರೆ ಎಲೆಯನ್ನು ಏನು ಮಾಡುವುದು? ಸುಲಭ. ಕೋಳಿ ಜಾಲರಿ ತಂದು ಮೂರು ಅಡಿ ಅಗಲ, ಮೂರು ಅಡಿ ಎತ್ತರಕ್ಕೆ ಸುತ್ತಿ ನಿಲ್ಲಿಸಿ. ಅದಕ್ಕಿಂತ ಚಿಕ್ಕದಾದರೆ ರಾಶಿ ಬಿಸಿ ಹಿಡಿದಿಟ್ಟುಕೊಳ್ಳುವುದಿಲ್ಲ. ಮೂರು ಬುಟ್ಟಿ ಒಣ ಎಲೆಗೆ ಒಂದು ಬುಟ್ಟಿ ಹಸಿ: ಲಾನ್ ಕತ್ತರಿಸಿದ ಹುಲ್ಲು, ತರಕಾರಿ ಸಿಪ್ಪೆ, ಸಗಣಿ, ಯಾವುದಾದರೂ ಸರಿ. ಹಸಿ ಯಾಕೆ ಬೇಕೆಂದರೆ ಮರ ಎಲೆ ಉದುರಿಸುವ ಮುಂಚೆ ಅದರಲ್ಲಿನ ಸಾರಜನಕದ ದೊಡ್ಡ ಪಾಲನ್ನು ವಾಪಸ್ ಎಳೆದುಕೊಂಡಿರುತ್ತದೆ. ಬರೀ ಒಣ ಎಲೆ ಹಾಕಿದರೆ ವರ್ಷವಾದರೂ ಹಾಗೇ ಬಿದ್ದಿರುತ್ತದೆ, ಆಮೇಲೆ ಬಂದು ನನ್ನನ್ನು ಬೈಯುತ್ತೀರಿ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇರಲಿ. ಎರಡು ವಾರಕ್ಕೊಮ್ಮೆ ಮಗುಚಿ. ಹೊಂಗೆ ಎಲೆ ಮೂರು-ನಾಲ್ಕು ತಿಂಗಳಿಗೆ ಗೊಬ್ಬರ. ಕಾಡುಬಾದಾಮಿ, ಮಾವು, ಮಹಾಗನಿ ದಪ್ಪ ಎಲೆ, ಇನ್ನೂ ತಡ. ಲಾನ್ ಮೂವರ್ ಇದ್ದರೆ ಎಲೆಯ ಮೇಲೆ ಎರಡು ಸಲ ಓಡಿಸಿ ಪುಡಿ ಮಾಡಿಕೊಳ್ಳಿ.

ಮೂರನೇ ತಿಂಗಳು ರಾಶಿಯ ಒಳಗೆ ಕೈ ಹಾಕಿ ನೋಡಿ. ಬೆಚ್ಚಗಿರುತ್ತದೆ. ಬಿಳಿ ದಾರದಂಥ ಬೂಷ್ಟು ಎಲೆಯಿಂದ ಎಲೆಗೆ ಹಬ್ಬಿರುತ್ತದೆ. ಮೂಗಿಗೆ ಹಿಡಿದರೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಕೊಳೆತ ನಾತ ಬಂದರೆ ನೀರು ಜಾಸ್ತಿಯಾಗಿದೆ ಅಂತ ಅರ್ಥ, ಇನ್ನಷ್ಟು ಒಣ ಎಲೆ ಸೇರಿಸಿ ಮಗುಚಿ.

ಹಾವು ಬರುತ್ತೆ ಅನ್ನುವವರಿಗೆ: ಹಾವು ಬರುವುದು ಇಲಿಗೆ, ಇಲಿ ಬರುವುದು ಬೇಯಿಸಿದ ಅನ್ನಕ್ಕೆ. ರಾಶಿಗೆ ಅನ್ನ ಹಾಕಬೇಡಿ, ಆಗಾಗ ಮಗುಚುತ್ತಿರಿ. ಅಷ್ಟೇ.

ಇದಕ್ಕೂ ಸುಲಭದ ದಾರಿ ಅಂದರೆ ಎಲೆಯನ್ನು ಮರದ ಬುಡದಲ್ಲೇ ಎರಡು-ಮೂರು ಇಂಚು ದಪ್ಪ ಹಾಸಿಬಿಡುವುದು. ಬೇಸಿಗೆಯಲ್ಲಿ ನೀರು ಉಳಿಯುತ್ತದೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಹಾಕಬಾರದು ಅಂತ ಜಲಮಂಡಳಿ ಆದೇಶ ಮಾಡಿದಾಗ ಎಷ್ಟು ಲಾನ್ ಸುಟ್ಟು ಹೋದವು ನೋಡಿದ್ದೀರಲ್ಲ. ನಾವು ಎಲೆ ಹಾಸಿದ್ದ ಪಾತಿಗಳು ವಾರಕ್ಕೆ ಎರಡು ಸಲದ ಎಸ್‌ಟಿಪಿ (ಶುದ್ಧೀಕರಿಸಿದ ಕೊಳಚೆ) ನೀರಿನಲ್ಲೇ ಬೇಸಿಗೆ ದಾಟಿದವು.

ಆದರೆ ಹಾಸೋಣ ಅಂದರೆ ಮರದ ಬುಡ ಎಲ್ಲಿದೆ? ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳಲೇಬೇಕು. ಅರ್ಧಕ್ಕರ್ಧ ಕಡೆ ಕಾಂಡದ ಸುತ್ತ ಒಂದು ಬೆರಳು ತೂರುವಷ್ಟೂ ಜಾಗ ಬಿಡದೆ ಟೈಲ್ಸ್, ಸಿಮೆಂಟ್. ಮರ ದಪ್ಪ ಆಗುತ್ತಲೇ ಇರುತ್ತದೆ, ಸಿಮೆಂಟು ಬಳೆಯ ಹಾಗೆ ಬಿಗಿಯುತ್ತದೆ. ನೀರು, ಗಾಳಿ ಎಳೆದುಕೊಳ್ಳುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಅದನ್ನೇ ನಾವು ಮುಚ್ಚಿದ್ದೇವೆ. ಜೊತೆಗೆ ಚರಂಡಿ ಅಗೆಯುವಾಗ ಒಂದು ಕಡೆಯ ಬೇರು ಕತ್ತರಿಸುತ್ತಾರೆ. ಆಮೇಲೆ ಮೇ ತಿಂಗಳ ಗಾಳಿಮಳೆಗೆ ಮರ ಕಾರಿನ ಮೇಲೆ ಬಿದ್ದಾಗ ಮರದ್ದೇ ತಪ್ಪು ಅನ್ನುತ್ತಾರೆ. ದೆಹಲಿಯ ಮರಗಳ ಸುತ್ತ 1 ಮೀಟರ್ ಸಿಮೆಂಟ್ ತೆಗೆಯಿರಿ ಅಂತ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು.

ನಿಮ್ಮ ಕಾಂಪೌಂಡಿನೊಳಗಿನ ಮರಕ್ಕೆ ಆ 1 ಮೀಟರ್ ಬಿಡಿಸಲು ಅಸೋಸಿಯೇಷನ್ ಮೀಟಿಂಗಿನಲ್ಲಿ ಒಪ್ಪಿಗೆ ಸಾಕು. ಏಪ್ರಿಲ್ ಒಳಗೆ ಟೈಲ್ಸ್ ಎಬ್ಬಿಸಿ. ಕೈಯಿಂದ ಎಬ್ಬಿಸಬೇಕು, ಬ್ರೇಕರ್ ಹಾಕಿದರೆ ಬೇರಿಗೆ ಪೆಟ್ಟು. ಗಟ್ಟಿಯಾದ ಮಣ್ಣನ್ನು ಮುಳ್ಳುಗೋಲಿನಿಂದ ಮೆಲ್ಲಗೆ ಕೆದಕಿ, ನೀರು ಹಾಕಿ, ಎಲೆ ಹಾಸಿ. ಕಾಂಡಕ್ಕೆ ತಾಗಿಸಬೇಡಿ, ನಾಲ್ಕು ಇಂಚು ಬಿಟ್ಟು ಹಾಸಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ. ಈ ಕೆಲಸಕ್ಕೆ ಮಾಲಿಯನ್ನೇ ಮುಂದೆ ಬಿಡಿ, ಆ ಮರದ ಬುಡ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.