ಮನೆಗೊಂದು ಕಂಪ್ಯೂಟರ್: ವಿಂಡೋಸಾ, ಮ್ಯಾಕಾ, ಲಿನಕ್ಸಾ?

ಪಿಯುಸಿ ಫಲಿತಾಂಶ ಬಂತೆಂದರೆ ಹಾಸನದ ಬಿ.ಎಂ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಅಪ್ಪ, ಅಮ್ಮ, ಮಗಳು ಮೂವರೂ ಒಟ್ಟಿಗೆ ಬರುತ್ತಾರೆ. ಮಗಳಿಗೆ ಮ್ಯಾಕ್ ಬೇಕು. ಅಪ್ಪನಿಗೆ ತೋಟದ ಲೆಕ್ಕ ಟ್ಯಾಲಿಯಲ್ಲೇ ಆಗಬೇಕು. ಬೆಂಗಳೂರಿನಲ್ಲಿರುವ ಸೋದರಮಾವ ಫೋನಿನಲ್ಲಿ 'ಲಿನಕ್ಸ್ ಹಾಕಿಸು, ದುಡ್ಡು ಉಳಿಯುತ್ತೆ' ಎಂದಿರುತ್ತಾನೆ. ಮೂರೂ ತಪ್ಪಲ್ಲ. ಆದರೆ ಮೂರೂ ಒಂದೇ ಮನೆಗೆ ಹೊಂದುವುದಿಲ್ಲ. ಯಾಕೆ ಅನ್ನುವುದು ಗೊತ್ತಾದರೆ ಅಂಗಡಿಯವರು ಹೇಳುವ ಮಾತನ್ನು ತೂಗಿ ನೋಡಬಹುದು.

ಬ್ರೌಸರಿನಲ್ಲಿ ಆಗುವ ಕೆಲಸಕ್ಕೆ ಈ ತಲೆಬಿಸಿಯೇ ಇಲ್ಲ. ಪಹಣಿ ತೆಗೆಯುವುದು, ಕರೆಂಟ್ ಬಿಲ್ ಕಟ್ಟುವುದು (ಹಾಸನದವರಿಗೆ ಸೆಸ್ಕ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂ), ಸಿಇಟಿ ಅರ್ಜಿ ತುಂಬುವುದು, ಯೂಟ್ಯೂಬ್, ಮೇಲ್ ಎಲ್ಲವೂ ಮೂರರಲ್ಲೂ ಒಂದೇ ಥರ ನಡೆಯುತ್ತವೆ. ಹಿಂದೆ ಹೀಗಿರಲಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಇಲ್ಲದಿದ್ದರೆ ಎಷ್ಟೋ ಜಾಲತಾಣಗಳು ತೆರೆಯುತ್ತಲೇ ಇರಲಿಲ್ಲ. ಈಗ ತಕರಾರು ಬರುವುದು ಬ್ರೌಸರಿನ ಹೊರಗೆ ನಡೆಯುವ ಕೆಲಸಗಳಲ್ಲಿ.

ಟ್ಯಾಲಿಯನ್ನೇ ತಗೊಳ್ಳಿ. ಪೆನ್‌ಡ್ರೈವ್‌ನಲ್ಲಿರುವ ಫೋಟೋ ಎಲ್ಲ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಅದೇ ಪೆನ್‌ಡ್ರೈವ್‌ನಿಂದ ಟ್ಯಾಲಿಯನ್ನು ಮ್ಯಾಕ್‌ಗೆ ಹಾಕಿ ಎರಡು ಸಲ ಒತ್ತಿದರೆ ಕೆಲಸ ಮಾಡುವುದಿಲ್ಲ. ಫೋಟೋ ಬರೀ ಮಾಹಿತಿ. ಟ್ಯಾಲಿ ಪ್ರೋಗ್ರಾಮ್, ಅಂದರೆ ಪ್ರೊಸೆಸರಿಗೆ ಕೊಡುವ ಆದೇಶಗಳ ಸಾಲು. 'ಈ ಎರಡು ಸಂಖ್ಯೆ ಕೂಡಿಸು', 'ಇದನ್ನು ಅಲ್ಲಿಡು' ಎನ್ನುವಂಥವು. ಇಂಟೆಲ್, ಎಎಮ್‌ಡಿ ಪ್ರೊಸೆಸರುಗಳು ಎಕ್ಸ್86 ಎಂಬ ಆದೇಶ ಪದ್ಧತಿ ಬಳಸುತ್ತವೆ. ನಮ್ಮ ಮೊಬೈಲುಗಳು ಮತ್ತು 2020ರ ನವೆಂಬರಿನಿಂದ ಬಂದ ಎಮ್1 ಸರಣಿಯ ಮ್ಯಾಕ್‌ಗಳು ಎಆರ್‌ಎಮ್ ಪದ್ಧತಿಯವು. ಕೂಡಿಸುವ ಲೆಕ್ಕ ಒಂದೇ, ಅದನ್ನು ಬರೆದಿಡುವ ರೀತಿ ಬೇರೆ. ಎಕ್ಸ್86ನಲ್ಲಿ ಒಂದು ಆದೇಶ 1 ಬೈಟಿನಿಂದ 15 ಬೈಟಿನವರೆಗೆ ಎಷ್ಟು ಉದ್ದ ಬೇಕಾದರೂ ಇರಬಹುದು. ಇವತ್ತಿನ 64 ಬಿಟ್‌ನ ಎಆರ್‌ಎಮ್‌ನಲ್ಲಿ ಪ್ರತಿ ಆದೇಶವೂ ಸರಿಯಾಗಿ 4 ಬೈಟು.

ಪ್ರೊಸೆಸರ್ ಬೇರೆ, ಅದಕ್ಕೇ ಓಡಲ್ಲ ಎಂದು ಇಲ್ಲಿಗೇ ಮುಗಿಸುವ ಹಾಗಿಲ್ಲ. 2006ರಿಂದ 2020ರವರೆಗೆ ಬಂದ ಮ್ಯಾಕ್‌ಗಳಲ್ಲಿ ಇದ್ದದ್ದು ಇಂಟೆಲ್ ಪ್ರೊಸೆಸರೇ. ಮ್ಯಾಕ್‌ಓಎಸ್ ಇರುವಾಗ ಅವುಗಳಲ್ಲೂ ಟ್ಯಾಲಿ ಓಡುತ್ತಿರಲಿಲ್ಲ. ನಿಜವಾದ ಗಂಟು ಇರುವುದು ಇಡೀ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮ್ ಆದ ಆಪರೇಟಿಂಗ್ ಸಿಸ್ಟಮ್‌ನಲ್ಲಿ. ಯಾವ ಪ್ರೋಗ್ರಾಮ್ ಕೂಡ ತಾನೇ ಹೋಗಿ ಡಿಸ್ಕ್ ಮುಟ್ಟುವ ಹಾಗಿಲ್ಲ, ತೆರೆಯ ಮೇಲೆ ಬರೆಯುವ ಹಾಗಿಲ್ಲ. ಬ್ಯಾಂಕಿನಲ್ಲಿ ನಾವು ಚಲನ್ ತುಂಬಿ ಕೌಂಟರಿಗೆ ಕೊಡುತ್ತೇವಲ್ಲ, ಹಾಗೆ ಅದು ಆಪರೇಟಿಂಗ್ ಸಿಸ್ಟಮ್‌ಗೆ ಕೋರಿಕೆ ಸಲ್ಲಿಸಬೇಕು. ಒಂದು ಬ್ಯಾಂಕಿನ ಚಲನ್ ಇನ್ನೊಂದು ಬ್ಯಾಂಕಿನಲ್ಲಿ ನಡೆಯುವುದಿಲ್ಲ. ವಿಂಡೋಸ್, ಮ್ಯಾಕ್‌ಓಎಸ್, ಲಿನಕ್ಸ್ ಮೂರಕ್ಕೂ ಕೋರಿಕೆಯ ನಮೂನೆ ಬೇರೆ ಬೇರೆ. ಕಂಪ್ಯೂಟರಿನವರು ಪ್ಲಾಟ್‌ಫಾರ್ಮ್ ಎನ್ನುವುದು ಮುಖ್ಯವಾಗಿ ಇದನ್ನೇ. ಹೊರಗಿನ ಡಬ್ಬದ ಹೊಳಪಿಗೂ ಇದಕ್ಕೂ ಸಂಬಂಧವಿಲ್ಲ.

ಈ ಗೋಡೆಯನ್ನು ದಾಟಿಸುವ ಅನುವಾದಕ ಪ್ರೋಗ್ರಾಮುಗಳಿವೆ. ಆ್ಯಪಲ್‌ನ ರೊಸೆಟ್ಟಾ 2, ಇಂಟೆಲ್ ಮ್ಯಾಕ್‌ಗೆ ಬರೆದ ಪ್ರೋಗ್ರಾಮಿನ ಆದೇಶಗಳನ್ನು ಎಆರ್‌ಎಮ್‌ಗೆ ಬದಲಿಸುತ್ತದೆ. 1993ರಲ್ಲಿ ಶುರುವಾದ ವೈನ್ ಎಂಬ ಯೋಜನೆ ವಿಂಡೋಸ್ ಕೋರಿಕೆಗಳನ್ನು ಲಿನಕ್ಸ್‌ಗೆ ತಿಳಿಯುವಂತೆ ಮಾಡುತ್ತದೆ. ಎರಡೂ ದೊಡ್ಡ ಸಾಧನೆಗಳೇ. ಆದರೆ ಡ್ರೈವರ್‌ಗಳನ್ನು, ಅಂದರೆ ಕಂಪ್ಯೂಟರಿಗೆ ಜೋಡಿಸಿದ ಸಾಧನಗಳನ್ನು ನಡೆಸುವ ಪ್ರೋಗ್ರಾಮುಗಳನ್ನು, ಹೀಗೆ ದಾಟಿಸಲು ಆಗುವುದಿಲ್ಲ. ಪ್ರಿಂಟರ್, ಸ್ಕ್ಯಾನರ್, ಕಾಂಟ್ರ್ಯಾಕ್ಟರುಗಳು ಟೆಂಡರ್ ಹಾಕುವಾಗ ಚುಚ್ಚುವ ಡಿಜಿಟಲ್ ಸಹಿಯ ಟೋಕನ್ ಇಂಥವುಗಳ ಡ್ರೈವರ್ ಆಪರೇಟಿಂಗ್ ಸಿಸ್ಟಮ್‌ನ ಒಳಗೇ ಕೂತು ಕೆಲಸ ಮಾಡಬೇಕಾಗಬಹುದು. ಅದು ಆ ಸಿಸ್ಟಮ್‌ಗೆ, ಆ ಪ್ರೊಸೆಸರಿಗೆ ಅಂತಲೇ ಬರೆದಿದ್ದಾಗಿರಬೇಕು. ಈಗ ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪುಗಳೂ ಬಂದಿವೆ. ಬ್ಯಾಟರಿ ಚೆನ್ನಾಗಿ ಬರುತ್ತದೆ. ಆದರೆ ಅವೂ ಎಆರ್‌ಎಮ್. 'ವಿಂಡೋಸ್ ತಾನೇ' ಎಂದು ತಂದರೆ ಮನೆಯ ಹಳೇ ಲೇಸರ್ ಪ್ರಿಂಟರ್ ಸುಮ್ನೆ ಮೂಲೆ ಸೇರಬಹುದು.

ವಿಂಡೋಸ್ ಕಂಪ್ಯೂಟರನ್ನು ನಮ್ಮೂರಿನ ಅಂಗಡಿಯಲ್ಲೇ ಜೋಡಿಸಿ ಕೊಡುತ್ತಾರೆ, ಮ್ಯಾಕನ್ನು ಹಾಗೆ ಕೊಡುವುದಿಲ್ಲ. ಇದಕ್ಕೆ ಕಾರಣ 1981ರ ಐಬಿಎಮ್ ಪಿಸಿ. ಅದನ್ನು ಬೇಗ ಮಾರುಕಟ್ಟೆಗೆ ತರಬೇಕೆಂದು ಐಬಿಎಮ್ ಎಲ್ಲರಿಗೂ ಸಿಗುವ ಬಿಡಿಭಾಗಗಳನ್ನೇ ಬಳಸಿತು. ಪ್ರೊಸೆಸರ್ ಇಂಟೆಲ್‌ದು, ಆಪರೇಟಿಂಗ್ ಸಿಸ್ಟಮ್ ಆದ ಡಾಸ್ ಮೈಕ್ರೋಸಾಫ್ಟ್‌ದು. ಐಬಿಎಮ್‌ನದ್ದೇ ಎನ್ನಬಹುದಾದ ಮುಖ್ಯ ಭಾಗ ಬಯಾಸ್ ಎಂಬ ಸಣ್ಣ ಪ್ರೋಗ್ರಾಮ್ ಮಾತ್ರ. ಅದನ್ನು ನಕಲು ಮಾಡಿದರೆ ಕೋರ್ಟು. ಕಾಂಪ್ಯಾಕ್ ಕಂಪನಿ ಬೇರೆ ದಾರಿ ಹಿಡಿಯಿತು. ಒಂದು ತಂಡ ಬಯಾಸ್ ಏನೇನು ಕೆಲಸ ಮಾಡುತ್ತದೆ ಎಂದು ಪಟ್ಟಿ ಮಾಡಿತು. ಮೂಲವನ್ನು ಕಣ್ಣಿಂದಲೂ ನೋಡದ ಇನ್ನೊಂದು ತಂಡ ಆ ಪಟ್ಟಿ ಹಿಡಿದು ಹೊಸದಾಗಿ ಬರೆಯಿತು. ಆಮೇಲೆ ಇದೇ ದಾರಿಯಲ್ಲಿ ಹಲವರು ಬಂದರು. ಯಾರು ಬೇಕಾದರೂ ಪಿಸಿ ಮಾಡಬಹುದು ಎಂದಾಯಿತು, ಬೆಲೆ ಇಳಿಯಿತು. ಆ್ಯಪಲ್ 1984ರಲ್ಲಿ ಮ್ಯಾಕಿಂಟಾಷ್ ತಂದಾಗ ಯಂತ್ರವನ್ನೂ ಆಪರೇಟಿಂಗ್ ಸಿಸ್ಟಮನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡಿತು. ನಡುವೆ ಸ್ವಲ್ಪ ಕಾಲ ಬೇರೆಯವರಿಗೆ ಪರವಾನಗಿ ಕೊಟ್ಟಿತ್ತು, ಸ್ಟೀವ್ ಜಾಬ್ಸ್ 1997ರಲ್ಲಿ ವಾಪಸ್ ಬಂದ ಮೇಲೆ ಅದನ್ನು ನಿಲ್ಲಿಸಿದರು. ಎರಡೂ ಒಬ್ಬರದ್ದೇ ಆದ್ದರಿಂದ ಮ್ಯಾಕ್ ಹೊಂದಾಣಿಕೆಯಿಂದ ನಡೆಯುತ್ತದೆ. ಅದೇ ಕಾರಣಕ್ಕೆ ಮ್ಯಾಕ್‌ಬುಕ್‌ನ ಬೋರ್ಡಿಗೆ ರ‍್ಯಾಮ್ ಬೆಸೆದೇ ಬಂದಿರುತ್ತದೆ, ಮುಂದೆ ಜಾಸ್ತಿ ಮಾಡಿಸಲು ಆಗುವುದಿಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಯಾರ ಸ್ವತ್ತೂ ಆಗದೆ ಬೆಳೆಯಿತು.

ಇನ್ನು ಕನ್ನಡದ ವಿಚಾರ. ಕೊಳ್ಳುವಾಗ ಇದನ್ನು ಯಾರೂ ಕೇಳುವುದಿಲ್ಲ, ನೋವಾಗುವುದು ಆಮೇಲೆ. ಹಳೇ ಸಂಘದ ವರದಿಯನ್ನೋ ಅಜ್ಜ ಬರೆಸಿಟ್ಟ ಮನೆತನದ ಚರಿತ್ರೆಯನ್ನೋ ಹೊಸ ಮ್ಯಾಕ್‌ನಲ್ಲಿ ತೆರೆಯುತ್ತೀರಿ. 'ಕನ್ನಡ' ಎಂದು ಇರಬೇಕಾದ ಕಡೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಓರೆ ಗೆರೆ ಇರುವ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಒಂದು ಕ್ಯೂ, ಕೊನೆಗೆ ಇನ್ನೊಂದು ಎ. ಒಟ್ಟು ಏಳು ಚಿಹ್ನೆ. ಫೈಲ್ ಕೆಟ್ಟಿಲ್ಲ. ಅದು ನುಡಿ ಅಥವಾ ಬರಹ ಎಂಬ ಕನ್ನಡ ಬರೆಯುವ ತಂತ್ರಾಂಶದ ಹಳೇ ಫಾಂಟಿನಲ್ಲಿ ಬರೆದಿದ್ದು. ಆ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಅದಕ್ಕೇ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ್ದರು. ಪಿ ಜಾಗದಲ್ಲಿ ಕಕಾರದ ಮೈ, ಗೆರೆ ಇರುವ ಎ ಜಾಗದಲ್ಲಿ ತಲಕಟ್ಟು, ಜರ್ಮನ್ ಅಕ್ಷರದ ಜಾಗದಲ್ಲಿ ನಕಾರದ ಒತ್ತು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಈ ಕಲಸುಮೇಲೋಗರ.

ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್ ಎಂಬ ಪದ್ಧತಿ ಇದನ್ನು ಬುಡದಿಂದಲೇ ಬದಲಿಸಿತು. ಅದು ಚಿತ್ರದ ತುಂಡುಗಳನ್ನು ಇಡುವುದಿಲ್ಲ, ಅಕ್ಷರಗಳನ್ನೇ ಇಡುತ್ತದೆ. 'ಕನ್ನಡ' ಎಂಬುದಕ್ಕೆ ಐದು ಸಂಕೇತ: ಕ, ನ, ಹಲಂತ (್), ನ, ಡ. ಎರಡನೇ ನಕಾರವನ್ನು ಒತ್ತಾಗಿ ಕೆಳಗೆ ಕೂರಿಸುವ ಕೆಲಸ ಆಪರೇಟಿಂಗ್ ಸಿಸ್ಟಮ್‌ದು. ಇವತ್ತು ಮೂರು ಪ್ಲಾಟ್‌ಫಾರ್ಮುಗಳೂ ಅದನ್ನು ಸರಿಯಾಗಿಯೇ ಮಾಡುತ್ತವೆ. ಯೂನಿಕೋಡ್‌ನಲ್ಲಿ ಬರೆದ ಕಾಗದವನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ, ಅಲ್ಲಿಂದ ಮೊಬೈಲಿಗೆ ಸಾಗಿಸಿದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸಕ್ಕೆ ಕೈ ಪಳಗಿದವರಿಗೆ ಲಿನಕ್ಸ್‌ನಲ್ಲಿ ಕಗಪ ಎಂಬ ಹೆಸರಲ್ಲಿ ಅದು ಸಿಗುತ್ತದೆ. ಮ್ಯಾಕ್‌ನಲ್ಲಿ ಕನ್ನಡ ಕೀಲಿಮಣೆ ಇದ್ದರೂ ಬೆರಳುಗಳಿಗೆ ಸ್ವಲ್ಪ ಹೊಸ ಅಭ್ಯಾಸ ಬೇಕು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ಬೇರೂರದಿದ್ದರೆ ಭಾಷೆಗೇ ಕುತ್ತು ಎಂದು ಚಿಂತೆ ಮಾಡಿದವರು. ಆ ಚಿಂತೆಗೆ ಬೆಲೆ ಕೊಡುವುದಾದರೆ ಮನೆಯಲ್ಲಿರುವ ಹಳೇ ನುಡಿ ಫೈಲುಗಳನ್ನು ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹೊಸ ಕಂಪ್ಯೂಟರ್ ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಮಾಹಿತಿ ಯಾವ ಪ್ಲಾಟ್‌ಫಾರ್ಮಿಗೂ ಕಟ್ಟುಬೀಳದೆ ಇದ್ದರೆ ಇವತ್ತಿನ ಆಯ್ಕೆ ತಪ್ಪಿದರೂ ನಾಳೆ ಬದಲಾಯಿಸಬಹುದು.

ಮಲೆನಾಡಿನಲ್ಲಿ ಇನ್ನೊಂದು ಲೆಕ್ಕವೂ ಇದೆ, ಕರೆಂಟು ಮತ್ತು ಸಿಡಿಲಿನದು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ತೋಟದ ಮನೆಗೆ ಮರಗಳ ನಡುವೆ ಉದ್ದಕ್ಕೆ ತಂತಿ ಎಳೆದಿರುತ್ತಾರೆ. ಸಿಡಿಲು ಮನೆಗೇ ಹೊಡೆಯಬೇಕೆಂದಿಲ್ಲ. ಹತ್ತಿರದಲ್ಲಿ ಬಿದ್ದರೂ ಸಾಕು, ಆ ಉದ್ದ ತಂತಿಯಲ್ಲಿ ಕ್ಷಣಕಾಲ ಭಾರಿ ವೋಲ್ಟೇಜ್ ಹುಟ್ಟುತ್ತದೆ. ಸರ್ಜ್ ಪ್ರೊಟೆಕ್ಟರ್ ಒಳಗಿರುವ ಸತುವಿನ ಆಕ್ಸೈಡಿನ ಬಿಲ್ಲೆ ವೋಲ್ಟೇಜ್ ಮಿತಿ ಮೀರಿದಾಗ ಅದನ್ನು ಬೇರೆ ದಾರಿಗೆ ತಿರುಗಿಸುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದರಿಂದ ಪೂರ್ತಿ ಪ್ರಯೋಜನ ಸಿಗುವುದಿಲ್ಲ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡುವುದೇ ಎಲ್ಲಕ್ಕಿಂತ ಒಳ್ಳೆಯದು. ಪ್ಲಗ್ ಕಿತ್ತ ಮೇಲೂ ಲ್ಯಾಪ್‌ಟಾಪ್ ನಡೆಯುತ್ತದೆ, ಡೆಸ್ಕ್‌ಟಾಪ್ ನಡೆಯುವುದಿಲ್ಲ.

ಇನ್ವರ್ಟರ್ ಇದೆ, ಡೆಸ್ಕ್‌ಟಾಪ್ ಸಾಕು ಅನ್ನುವವರು ಒಂದು ವಿಷಯ ಗಮನಿಸಿ. ಕರೆಂಟು ಹೋದಾಗ ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಸುವ ಭಾಗ ತನ್ನೊಳಗಿನ ಕೆಪಾಸಿಟರಿನ ಬಲದ ಮೇಲೆ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು. ಇನ್ವರ್ಟರ್ ಆ 16 ಮಿಲಿಸೆಕೆಂಡಿನೊಳಗೆ ಕೈಗೆತ್ತಿಕೊಳ್ಳದಿದ್ದರೆ ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಟ್ಯಾಲಿಯಲ್ಲಿ ಬರೆಯುತ್ತಿದ್ದ ವೋಚರ್ ಹೋಗುತ್ತದೆ. ಹಲವು ಇನ್ವರ್ಟರುಗಳಲ್ಲಿ ಯುಪಿಎಸ್ ಎಂದು ಬರೆದ ಒಂದು ಸ್ವಿಚ್ ಇರುತ್ತದೆ, ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ಫ್ಯಾನಿಗೂ ಬಲ್ಬಿಗೂ ಅದು ಬೇಕಿಲ್ಲವಾದ್ದರಿಂದ ಅದು ಹಾಗೇ ಆಫ್ ಆಗಿ ಉಳಿದಿರುತ್ತದೆ. ಆರಿದ್ರಾದಿಂದ ಪುಷ್ಯದವರೆಗಿನ ಮಳೆಗಾಲದಲ್ಲಿ ಇನ್ನೊಂದು ಜಾಗ್ರತೆಯೂ ಬೇಕು. ಲ್ಯಾಪ್‌ಟಾಪನ್ನು ಬ್ಯಾಗಿನಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ದಿನಕ್ಕೆ ಸ್ವಲ್ಪ ಹೊತ್ತು ಆನ್ ಮಾಡಿಟ್ಟರೆ ಅದರದ್ದೇ ಬಿಸಿಗೆ ಒಳಗಿನ ಪಸೆ ಆರುತ್ತದೆ. ಕಡೂರು, ಅರಸೀಕೆರೆಯ ಕಡೆಯವರಿಗೆ ಈ ಚಿಂತೆಯಿಲ್ಲ, ಅಲ್ಲಿ ಧೂಳಿನದ್ದೇ ಕಾಟ.

ಈಗಾಗಲೇ ಮನೆಯಲ್ಲಿ ಹಳೇ ಕಂಪ್ಯೂಟರ್ ಇರುವವರ ಕಡೆ ಬರೋಣ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಮ್ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಆಮೇಲಿನದ್ದೇ ಆಗಬೇಕು. ಹಾಗಾಗಿ ಚೆನ್ನಾಗಿರುವ ಎಷ್ಟೋ ಯಂತ್ರಗಳು ಗುಜರಿಯ ದಾರಿ ಹಿಡಿದಿವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಅವುಗಳಲ್ಲಿ ಬಹಳಷ್ಟಕ್ಕೆ ಕಾಯಿಲೆ ಒಂದೇ, ಹಾರ್ಡ್ ಡಿಸ್ಕ್. ಲ್ಯಾಪ್‌ಟಾಪಿನ ಹಳೇ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಸೂಜಿ ಅತ್ತಿತ್ತ ಸರಿಯುವ ಸಮಯ ಬೇರೆ. ಹೀಗಾಗಿ ಸೆಕೆಂಡಿಗೆ ನೂರು ಕಡೆಯಿಂದ ಓದುವುದೂ ಕಷ್ಟ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ಭಾಗವೇ ಇಲ್ಲ, ಅದು ಸಾವಿರಾರು ಕಡೆಯಿಂದ ಓದುತ್ತದೆ. ಡಿಸ್ಕ್ ಬದಲಿಸಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಎಂಬ ಲಿನಕ್ಸ್ ಬಗೆ ಹಾಕಿದರೆ ಹತ್ತು ವರ್ಷದ ಲ್ಯಾಪ್‌ಟಾಪ್ ಮಕ್ಕಳ ಓದಿಗೆ, ಬರವಣಿಗೆಗೆ, ಬ್ರೌಸರಿಗೆ ಧಾರಾಳ ಸಾಕು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ನಮ್ಮ ಮಕ್ಕಳಿಗೂ ಕಷ್ಟವಾಗಲಾರದು.

ಹೊಸದೇ ಬೇಕು ಎಂದರೆ ನನ್ನ ಅಭಿಪ್ರಾಯ ಹೀಗಿದೆ. ಮನೆಯಲ್ಲಿ ಟ್ಯಾಲಿ ಇದ್ದರೆ, ಟೋಕನ್ ಚುಚ್ಚುವ ಕೆಲಸವಿದ್ದರೆ, ಅಥವಾ ಮಗ ಮಗಳು ಸಿವಿಲ್ಲೋ ಮೆಕ್ಯಾನಿಕಲ್ಲೋ ಓದುತ್ತಿದ್ದರೆ ಇಂಟೆಲ್ ಅಥವಾ ಎಎಮ್‌ಡಿ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪ್ ತಗೊಳ್ಳಿ. ಸಾಲಿಡ್‌ವರ್ಕ್ಸ್, ರೆವಿಟ್ ಮುಂತಾದ ವಿನ್ಯಾಸದ ಪ್ರೋಗ್ರಾಮುಗಳು ವಿಂಡೋಸ್‌ಗೆ ಮಾತ್ರ ಬರುವಂಥವು. 16 ಜಿಬಿ ರ‍್ಯಾಮ್ ಇರಲಿ. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಡುತ್ತೇವೆ ಎಂದರೆ ಖಂಡಿತ ಬೇಡ ಎನ್ನಿ. ಅಂಥವುಗಳಲ್ಲಿ ಭದ್ರತೆಯ ಅಪ್‌ಡೇಟುಗಳನ್ನೇ ನಿಲ್ಲಿಸಿರುವುದುಂಟು, ಅದೇ ಕಂಪ್ಯೂಟರಿನಲ್ಲಿ ನೀವು ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೀರಿ. ಕಂಪ್ಯೂಟರ್ ಸೈನ್ಸ್ ಓದುವವರಿಗೆ ಮೂರೂ ನಡೆಯುತ್ತದೆ. ಲಿನಕ್ಸ್ ಕಲಿತಿದ್ದರೆ ಲಾಭ ಜಾಸ್ತಿ, 2017ರ ನವೆಂಬರಿನಿಂದ ಪ್ರಪಂಚದ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳೂ ಅದರಲ್ಲೇ ಓಡುತ್ತಿವೆ. ವಿಡಿಯೋ, ಸಂಗೀತ, ಫೋಟೋ ಕೆಲಸದವರಿಗೆ ಕೈಯಲ್ಲಿ ಹಣವಿದ್ದರೆ ಎಮ್ ಸರಣಿಯ ಮ್ಯಾಕ್ ಒಳ್ಳೆಯ ಸಂಗಾತಿ. ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ, ಇಡೀ ದಿನ ಕರೆಂಟಿಲ್ಲದ ಮಳೆಗಾಲದಲ್ಲೂ ಬ್ಯಾಟರಿ ಬಹಳ ಹೊತ್ತು ಎಳೆಯುತ್ತದೆ. ಆದರೆ ಅಗ್ಗಕ್ಕೆ ಸಿಗುತ್ತೆ ಎಂದು ಹಳೇ ಇಂಟೆಲ್ ಮ್ಯಾಕ್‌ಗೆ ಕೈ ಹಾಕಬೇಡಿ. 2025ರಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋ ಅವುಗಳಿಗೆ ಸಿಗುವ ಕೊನೆಯ ಆವೃತ್ತಿ.

ಅಂಗಡಿಗೆ ಹೋಗುವಾಗ ನಿಮ್ಮದೇ ಒಂದು ಕನ್ನಡ ಫೈಲ್ ಹಾಕಿದ ಪೆನ್‌ಡ್ರೈವ್, ಮನೆಯ ಪ್ರಿಂಟರಿನ ಮಾಡೆಲ್ ಸಂಖ್ಯೆ, ಟೋಕನ್ ಇದ್ದರೆ ಟೋಕನ್ ತಗೊಂಡು ಹೋಗಿ. ದುಡ್ಡು ಕೊಡುವ ಮುಂಚೆ ಫೈಲ್ ತೆರೆಸಿ, ಪ್ರಿಂಟರಿನ ಡ್ರೈವರ್ ಆ ಯಂತ್ರಕ್ಕೆ ಸಿಗುತ್ತದೆಯೇ ಎಂದು ಅಲ್ಲೇ ಹುಡುಕಿಸಿ, ಟೋಕನ್ ಚುಚ್ಚಿ ನೋಡಿ. ಕೆಟ್ಟರೆ ಎಲ್ಲಿಗೆ ತರಬೇಕು, ಇಲ್ಲೇ ರಿಪೇರಿ ಆಗುತ್ತದೋ ಬೆಂಗಳೂರಿಗೆ ಕಳಿಸುತ್ತಾರೋ ಎಂದು ಕೇಳಿ, ಸರ್ವಿಸ್ ಸೆಂಟರಿನ ವಿಳಾಸ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಇಷ್ಟಕ್ಕೆ ಒಪ್ಪದಿದ್ದರೆ ಪಕ್ಕದ ಅಂಗಡಿಯಲ್ಲಿ ವಿಚಾರಿಸಿ.